ಲೆಕ್ಕದ ಮೇಡಂ ಮತ್ತು ಬಸ್ತಿಹಳ್ಳಿಯ ಉಪ್ಪಿಟ್ಟು

ನಮ್ಮ ಲೆಕ್ಕದ ಮೇಡಂ ಅವರ ಬೀಳ್ಕೊಡುಗೆ ಸಮಾರಂಭ ಮುಗಿಸಿಕೊಂಡು ಈಗಷ್ಟೇ ಮನೆಗೆ ಬಂದಿದ್ದೇನೆ, ಮೈಯೆಲ್ಲ ಉರಿಯುತ್ತಿದೆ. ವೇದಿಕೆ ಹತ್ತಿದವರೆಲ್ಲರದೂ ಒಂದೇ ರಾಗ. ಶಿಸ್ತು, ಸಮಯಪಾಲನೆ, ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಒಳ್ಳೆಯ ಫಲಿತಾಂಶ. ಹೆಡ್‌ಮಾಸ್ಟರಂತೂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ‘ಸದಾ ಗಂಭೀರವಾಗಿರುತ್ತಿದ್ದ ಮೇಡಂ’ ಎಂದುಬಿಟ್ಟರು! ಶಾಲು ಹೊದ್ದು, ಗಂಧದ ಹಾರ ಹಾಕಿಸಿಕೊಂಡು ಕುರ್ಚಿಯಲ್ಲಿ ಕೂತಿದ್ದ ಅವರು ಸಭೆಯೊಳಗೆ ನನ್ನನ್ನು ಹುಡುಕಿ ಕಣ್ಣು ಮಿಟುಕಿಸಿದರು. ಗಂಭೀರವಂತೆ! ಅರಸೀಕೆರೆಯಿಂದ ಹಳೇಬೀಡಿಗೆ ಹೋಗುವ ಬಸ್ಸಿನಲ್ಲಿ ಒಂದು ದಿನ, ಒಂದೇ ಒಂದು ದಿನ ಅವರ ಪಕ್ಕ ಕೂತಿದ್ದರೆ ಈ ಮಾತು ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಅಲ್ಲಿ ಯಾರೂ ಹೇಳದ್ದನ್ನು ನಾನಾದರೂ ಬರೆಯಬೇಕು.

ನಾನು ಹಳೇಬೀಡಿನ ಹೈಸ್ಕೂಲಿಗೆ ಕನ್ನಡ ಟೀಚರಾಗಿ ಸೇರಿದ್ದು ತೊಂಬತ್ತರ ದಶಕದ ನಡುವಿನಲ್ಲಿ. ಮದುವೆಯಾಗಿ ಅರಸೀಕೆರೆಗೆ ಬಂದು ಆಗಿನ್ನೂ ವರ್ಷ ತುಂಬಿರಲಿಲ್ಲ. ಅವರು ಅದೇ ಶಾಲೆಯ ಗಣಿತದ ಟೀಚರು, ನನಗಿಂತ ಬಹಳ ಹಿರಿಯರು, ಅರಸೀಕೆರೆಯಲ್ಲೇ ಮನೆ. ಹುಡುಗರ ಬಾಯಲ್ಲಿ ಅವರು ‘ಲೆಕ್ಕದ ಮೇಡಂ’. ನನಗೂ ಅದೇ ರೂಢಿಯಾಯಿತು. ಬೆಳಿಗ್ಗೆ ಜಾವಗಲ್ ಮೇಲೆ ಹೋಗುವ ಬೇಲೂರು ಬಸ್ಸಿಗೆ ಇಬ್ಬರೂ ಹತ್ತುತ್ತಿದ್ದೆವು. ಕಿಟಕಿಯ ಪಕ್ಕದ ಜಾಗ ಅವರಿಗೆ, ಚಿವುಟಿಸಿಕೊಳ್ಳುವ ಜಾಗ ನನಗೆ. ಹೌದು, ಅವರು ಚಿವುಟುತ್ತಿದ್ದರು. ಬಸ್ಸಿನಲ್ಲಿ ಏನಾದರೂ ಕಣ್ಣಿಗೆ ಬಿದ್ದರೆ ಸಾಕು, ದಪ್ಪ ಕನ್ನಡಕದ ಹಿಂದೆ ಕಣ್ಣು ಅಗಲವಾಗಿ, ನನ್ನ ತೋಳು ಚಿವುಟಿ, ‘ನೋಡು ನೋಡು, ಇದು ಕಥೆ ಕಣೇ!’ ಎನ್ನುವರು. ಮನೆಗೆ ಹೋಗಿ ನೋಡಿದರೆ ತೋಳು ಕೆಂಪಗಾಗಿರುತ್ತಿತ್ತು.

ಒಂದು ದಿನ ಜಾವಗಲ್ಲಿನಲ್ಲಿ ಒಬ್ಬ ಯಜಮಾನ ಹತ್ತಿದ. ತೊಡೆಯ ಮೇಲೆ ಟವೆಲ್ಲಿನಲ್ಲಿ ಸುತ್ತಿದ ಗೋಡೆ ಗಡಿಯಾರ, ಟಿಕ್ ಟಿಕ್ ಎನ್ನುತ್ತಲೇ ಇದೆ. ಮೇಡಂ ಚಿವುಟಿಯೇಬಿಟ್ಟರು.

‘ಓಡ್ತಾ ಇರೋ ಗಡಿಯಾರಾನ ಯಾರಾದ್ರೂ ಬಸ್ಸಲ್ಲಿ ತಗೊಂಡು ಹೋಗ್ತಾರೇನೇ? ರಿಪೇರಿಗಂತೂ ಅಲ್ಲ.’

‘ಏನೋ ಇರುತ್ತೆ ಬಿಡಿ ಮೇಡಂ.’

‘ಅದೇನೋ ಇರುತ್ತಲ್ಲ, ಅದೇ ಬೇಕಾಗಿರೋದು!’ ಎಂದವರೇ ಮುಂದಕ್ಕೆ ಬಗ್ಗಿ ಕೇಳಿಯೇಬಿಟ್ಟರು. ಪಾಪ, ಅವನೂ ಹೇಳಿದ: ‘ಅಣ್ಣ ತಮ್ಮಂದ್ರು ಭಾಗ ಆದ್ವಿ ಕಣವ್ವ. ಎಲ್ಲ ಸಲೀಸಾಗಿ ಆಯ್ತು, ಅಪ್ಪನ ಕಾಲದ ಈ ಗಡಿಯಾರದ ತಾವ ಜಗಳ ನಿಂತೈತೆ. ಅವನಿಗೂ ಬ್ಯಾಡ ನಂಗೂ ಬ್ಯಾಡ ಅಂತ ತಂಗಿ ಮನೇಲಿ ಇಟ್ಬುಟ್ಟು ಬತ್ತೀನಿ.’

ಇಳಿಯುವ ತನಕ ಮೇಡಂಗೆ ಕೂತಲ್ಲಿ ಕೂರಲಾಗಲಿಲ್ಲ. ‘ಇನ್ಮೇಲೆ ಇಬ್ಬರೂ ಟೈಮ್ ನೋಡೋಕೆ ತಂಗಿ ಮನೆಗೆ ಹೋಗ್ತಾರೆ. ಒಂದಿನ ಇಬ್ಬರೂ ಒಟ್ಟಿಗೇ ಹೋಗ್ತಾರೆ. ಅವತ್ತು ತಂಗಿ ಏನು ಅಡುಗೆ ಮಾಡಿರ್ತಾಳೆ? ಹೇಳು, ಹೇಳು!’ ಸ್ಟಾಫ್ ರೂಮಿಗೆ ಬಂದವರೇ ಆ ಕಥೆಯನ್ನು ಡ್ರಾಯಿಂಗ್ ಮಾಸ್ಟರಿಗೆ ಕೊಟ್ಟುಬಿಟ್ಟರು. ‘ತಗೊಳ್ರೀ, ನಿಮಗೂ ತಂಗಿ ಇದಾಳೆ, ನೀವು ಬರೀರಿ.’ ಅವರ ಹತ್ತಿರ ಕಥೆಗಳಿಗೆ ಬರವೇ ಇರಲಿಲ್ಲ. ಮನೆಯಲ್ಲಿ ಹೆಚ್ಚಾದ ನಿಂಬೆಹಣ್ಣನ್ನು ಅಕ್ಕಪಕ್ಕದವರಿಗೆ ಕೊಡುವಂತೆ ಕೊಡುತ್ತಿದ್ದರು. ಡ್ರಾಯಿಂಗ್ ಮಾಸ್ಟರು ಬರೆದರು, ಅದು ಅಚ್ಚೂ ಆಯಿತು!

ನನಗೋ ಕಥೆಗಾರ್ತಿಯಾಗಬೇಕೆಂದು ಕಾಲೇಜಿನ ದಿನಗಳಿಂದಲೂ ಹುಚ್ಚು. ಹಳೇಬೀಡಿನಲ್ಲಿ ಕೆಲಸ ಸಿಕ್ಕಿದ ಮೇಲೆ ಕೇಳಬೇಕೆ? ಒಬ್ಬ ಶಿಲ್ಪಿ, ಒಬ್ಬಳು ರಾಣಿ, ಒಂದು ಬೆಳದಿಂಗಳು ಸೇರಿಸಿ ಉದ್ದನೆಯ ಕಥೆಯೊಂದನ್ನು ಬರೆದು ಅವರ ಕೈಗಿಟ್ಟೆ. ಬಸ್ಸಿನಲ್ಲೇ ಓದಿ, ಹಾಳೆ ಮಡಚಿ ವಾಪಸ್ಸು ಕೊಟ್ಟರು.

‘ಆ ಶಿಲ್ಪಿ ಪಾಪ ಕೆತ್ತಿ ಕೆತ್ತಿ ಸುಸ್ತಾಗಿದಾನೆ. ಬೇಲೂರು ಹಳೇಬೀಡಲ್ಲಿ ಪೆನ್ನು ಹಿಡಿದೋರೆಲ್ಲ ಅವನನ್ನೇ ಎಬ್ಬಿಸ್ತಾರೆ. ಮಲಗಿರಲಿ ಬಿಡು. ಇವತ್ತು ಬೆಳಿಗ್ಗೆ ನಿಮ್ಮ ಮನೇಲಿ ಏನಾಯ್ತು, ಅದನ್ನ ಹೇಳು.’

‘ಏನೂ ಆಗಲಿಲ್ಲ ಮೇಡಂ. ನಮ್ಮನೇಲಿ ಏನಾಗುತ್ತೆ?’

‘ಏನೂ ಆಗದೆ ಮುಖ ಯಾಕೆ ಹೀಗೆ ಊದಿಸ್ಕೊಂಡಿದೀಯ?’

ಹೇಳಿದೆ. ಅತ್ತೆಗೂ ನನಗೂ ಹಿಂದಿನ ದಿನದಿಂದ ಮಾತಿಲ್ಲ. ಸಾರಿಗೆ ಅವರು ಉಪ್ಪು ಹಾಕಿರುತ್ತಾರೆಂದು ನಾನು ಹಾಕಲಿಲ್ಲ, ನಾನು ಹಾಕಿರುತ್ತೇನೆಂದು ಅವರು ಹಾಕಲಿಲ್ಲ. ಕೇಳೋಣವೆಂದರೆ ಮಾತು ಬಿಟ್ಟಿದ್ದೇವಲ್ಲ! ನನ್ನ ಗಂಡ ಆ ಸಪ್ಪೆ ಸಾರಿನಲ್ಲಿ ಮುದ್ದೆ ಮುರಿದು ಉಂಡು, ಒಂದು ಮಾತೂ ಆಡದೆ ಕೈ ತೊಳೆದು ಹೋದರು.

ಚಿವುಟಿದ ರಭಸಕ್ಕೆ ನಾನು ‘ಅಮ್ಮಾ’ ಎಂದು ಕೂಗಿದೆ. ಕಂಡಕ್ಟರು ತಿರುಗಿ ನೋಡಿದ.

‘ಯಾಕೆ ಸುಮ್ಮನೆ ಉಂಡ ಅವನು? ಭಯಾನಾ? ಪ್ರೀತೀನಾ? ನಾಲಿಗೇನೇ ಸತ್ತೋಗಿದೆಯಾ? ಬರಿ, ಅದನ್ನ ಬರಿ! ಶಿಲ್ಪಿಯಂತೆ ಶಿಲ್ಪಿ!’

ಅವತ್ತು ಸಂಜೆಯೇ ಬರೆದು ಮರುದಿನ ಹಿಡಿದುಕೊಂಡು ಹೋದೆ. ಅವರು ಓದಲೇ ಇಲ್ಲ. ಹಾಳೆಗಳನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ‘ಇನ್ನೂ ನೀರು ಕುಲುಕ್ತಾ ಇದೆ’ ಎಂದರು. ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊಬ್ಬರಿಯಾಗಬೇಕಾದ ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹಾಕಿ ವರ್ಷಗಟ್ಟಲೆ ಬಿಡುತ್ತಾರೆ. ನೀರು ಇಂಗಿ, ಒಳಗಿನ ಗಿಟುಕು ಚಿಪ್ಪಿನಿಂದ ಬಿಟ್ಟು, ಅಲ್ಲಾಡಿಸಿದರೆ ಗಡಗಡ ಎನ್ನಬೇಕು. ಆತುರಪಟ್ಟು ಒಡೆದರೆ ಅತ್ತ ಕಾಯಿಯೂ ಅಲ್ಲ, ಇತ್ತ ಕೊಬ್ಬರಿಯೂ ಅಲ್ಲ. ‘ನಿಮ್ಮತ್ತೆ ಮೇಲೆ ಸಿಟ್ಟು ಇನ್ನೂ ಹಸಿಯಾಗಿದೆ. ಅಟ್ಟಕ್ಕೆ ಹಾಕು’ ಎಂದರು. ಅಂತೂ ಅದು ವಾರಪತ್ರಿಕೆಯೊಂದರಲ್ಲಿ ಬರುವ ಹೊತ್ತಿಗೆ ಅತ್ತೆಯ ಬೇಸರವೂ ನನಗೆ ಅರ್ಥವಾಗಿತ್ತು. ಅತ್ತೆಯೂ ಓದಿದರು. ಓದಿ ಕಣ್ಣೊರೆಸಿಕೊಂಡು, ‘ಯಾವಳೋ ಪಾಪ, ಇಂಥ ಅತ್ತೆ ಕೈಗೆ ಸಿಕ್ಕಿದಾಳೆ. ಹಿಂದಿನ ಬೀದಿಯೋರ ಕಥೆ ತಾನೇ?’ ಎಂದು ಪಿಸುಗುಟ್ಟಿದರು! ಮೇಡಂ ಇದನ್ನು ಕೇಳಿ ಹಳೇಬೀಡು ಬರುವವರೆಗೂ ನಕ್ಕರು.

ಇಷ್ಟೆಲ್ಲ ಇದ್ದೂ ಅವರು ಒಂದು ಕಥೆಯನ್ನೂ ಬರೆದಿರಲಿಲ್ಲ. ನನ್ನ ಮೂರನೆಯ ಕಥೆ ಅಚ್ಚಾದ ದಿನ ಪತ್ರಿಕೆಯನ್ನು ಕೈಯಲ್ಲಿ ಹಿಡಿದು, ನನ್ನ ಹೆಸರಿನ ಮೇಲೆ ಬೆರಳಾಡಿಸುತ್ತಾ ಕೂತುಬಿಟ್ಟರು. ಆಮೇಲೆ ಹೇಳಿದರು: ‘ನನಗೂ ಆಸೆ ಇದೆ ಕಣೇ. ಒಂದೇ ಒಂದು ಸಲ ನನ್ನ ಹೆಸರು ಹೀಗೆ ಬರಬೇಕು. ಒಂದು ಕಥೆ ಇದೆ, ನಂದೇ. ಎಷ್ಟು ಸಲ ಕೂತರೂ ಕೊನೆ ಸಿಗ್ತಿಲ್ಲ. ಲೆಕ್ಕ ಎಲ್ಲಾ ಸರಿಯಾಗೇ ಇದೆ, ಉತ್ತರ ಬರ್ತಿಲ್ಲ.’ ಎಲ್ಲರಿಗೂ ಬಡಿಸಿ ತಾವು ಉಣ್ಣದೆ ಉಳಿದವರು!

ಆ ಕಥೆ ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಅವರು ಕೈ ತಿರುಗಿಸುತ್ತಾ, ಒಬ್ಬೊಬ್ಬರ ಧ್ವನಿಯಲ್ಲಿ ಹೇಳಿದರೆ ಕಾಫಿ ತಣ್ಣಗಾಗುತ್ತಿತ್ತು.

ಅವರ ತವರು ಹಳೇಬೀಡಿಗೆ ಅಂಟಿಕೊಂಡಂತಿರುವ ಬಸ್ತಿಹಳ್ಳಿ. ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿದ್ದ ಕಾಲ. ಒಂದು ಬೆಳಿಗ್ಗೆ ಅಪ್ಪ ತೋಟಕ್ಕೆ ಹೋಗಿದ್ದಾಗ ಮನೆ ಮುಂದೆ ಎತ್ತಿನ ಗಾಡಿ ನಿಂತಿತು. ಇಬ್ಬರು ಹೆಂಗಸರು, ಕೋಟು ಹಾಕಿದ ಒಬ್ಬ ಯಜಮಾನರು, ಒಬ್ಬ ಎಳೆಮೀಸೆಯ ಹುಡುಗ. ಬಂದವರನ್ನು ‘ನೀವ್ಯಾರು’ ಎಂದು ಬಾಗಿಲಲ್ಲಿ ನಿಲ್ಲಿಸಿ ಕೇಳುವುದುಂಟೇ? ಮೊದಲು ನೀರು, ಬೆಲ್ಲ, ಆಮೇಲೆ ಮಾತು. ಅಮ್ಮ ಅವರನ್ನು ಅಪ್ಪನ ಕಡೆಯ ನೆಂಟರೆಂದುಕೊಂಡರು. ಬಂದವರು ಇದೇ ತಾವು ನೋಡಲು ಹೊರಟ ಹೆಣ್ಣಿನ ಮನೆ ಎಂದುಕೊಂಡರು. ಮರ್ಯಾದಸ್ಥರು ನೋಡಿ, ಇಬ್ಬರೂ ಬಾಯಿಬಿಟ್ಟು ಕೇಳಲಿಲ್ಲ! ಅಮ್ಮ ರವೆ ಹುರಿದು ಉಪ್ಪಿಟ್ಟು ಮಾಡಿದರು. ಮಗಳಿಗೆ, ‘ಆ ಹಸಿರು ರೇಷ್ಮೆ ಸೀರೆ ಉಟ್ಕಂಡು ಬಾ, ಕಾಫಿ ಕೊಡು’ ಎಂದರು. ಬಂದ ಹೆಂಗಸರಲ್ಲಿ ಒಬ್ಬರು, ‘ಒಂದು ಹಾಡು ಹೇಳಮ್ಮ’ ಎಂದರಂತೆ. ‘ಹಾಡು ಬರಲ್ಲ, ಬೇಕಾದ್ರೆ ಹತ್ತೊಂಬತ್ತರ ಮಗ್ಗಿ ಹೇಳ್ತೀನಿ’ ಎಂದು ನಿಂತಲ್ಲೇ ಹೇಳಿಬಿಟ್ಟರಂತೆ ನಮ್ಮ ಮೇಡಂ! ಯಜಮಾನರು ಉಪ್ಪಿಟ್ಟು ನೆತ್ತಿಗೆ ಹತ್ತುವಷ್ಟು ನಕ್ಕರು. ಹುಡುಗನೂ ನಕ್ಕ. ‘ತಿಳಿಸ್ತೀವಿ’ ಎಂದು ಹೋದರು. ಅವರು ಹೊರಟಿದ್ದದ್ದು ಅದೇ ಬೀದಿಯ ಕೊಬ್ಬರಿ ಮಂಡಿಯವರ ಮನೆಗೆ ಎಂದು ಮೇಡಂಗೆ ಗೊತ್ತಾದದ್ದು ಆಮೇಲೆ. ಅಲ್ಲಿಗೂ ಹೋದರು, ಅಲ್ಲಿಯ ಹುಡುಗಿಯನ್ನೇ ಒಪ್ಪಿದರು, ಮದುವೆಯೂ ಆಯಿತು.

‘ಸರಿ, ಆಮೇಲೆ?’ ಎಂದು ಹೊಸಬರು ಕೇಳಿದರೆ ಮೇಡಂ ಕೈ ಝಾಡಿಸುತ್ತಿದ್ದರು. ‘ಆಮೇಲೆ ಏನಿಲ್ಲ. ನಮ್ಮಪ್ಪ ದೊಡ್ಡ ಮನಸ್ಸು ಮಾಡಿ ಹಾಸನಕ್ಕೆ ಕಾಲೇಜಿಗೆ ಕಳಿಸಿದ್ರು. ಓದಿದೆ, ಕೆಲಸ ಸಿಕ್ತು, ಒಳ್ಳೇ ಗಂಡ ಸಿಕ್ಕಿದ್ರು. ನಾನೇನು ಆ ಮೀಸೆಯೋನ್ನ ನೆನೆಸ್ಕೊಂಡು ಕೂರಲಿಲ್ಲಪ್ಪ!’

ಕಥೆ ಅಲ್ಲೇ ಕುಸಿಯುತ್ತಿತ್ತು. ನಾವಿಬ್ಬರೂ ಬಸ್ಸಿನಲ್ಲಿ ಕೂತು ಕೊನೆಗಳನ್ನು ಹೊಸೆದದ್ದೇ ಹೊಸೆದದ್ದು. ಹುಡುಗ ಮನಸ್ಸು ತಡೆಯದೆ ವಾಪಸ್ಸು ಬರುತ್ತಾನೆ ಎಂದೆ. ‘ಥೂ, ಸಿನಿಮಾ’ ಎಂದರು. ಹುಡುಗಿ ಜೀವನಪೂರ್ತಿ ಬಾಗಿಲು ನೋಡುತ್ತಾಳೆ ಎಂದೆ. ‘ಯಾಕೆ, ಅವಳಿಗೆ ಬೇರೆ ಕೆಲಸ ಇಲ್ವಾ?’ ಎಂದು ಸಿಟ್ಟಾದರು. ಎಷ್ಟೋ ವರ್ಷದಿಂದ ಅಟ್ಟದ ಮೇಲಿದ್ದ ಕಾಯಿ ಅದು, ಅಲ್ಲಾಡಿಸಿದರೆ ಸದ್ದೇ ಇಲ್ಲ. ನಿವೃತ್ತಿ ಹತ್ತಿರ ಬರುತ್ತಿತ್ತು. ‘ಇದೊಂದು ಆಗದಿದ್ರೆ ನಾನು ಬೇರೆಯೋರ ಕಥೆ ಹೇಳ್ಕೊಂಡೇ ಮುಗಿದುಹೋಗ್ತೀನಿ’ ಎಂದು ಒಂದು ಸಲ ಅಂದುಬಿಟ್ಟರು. ನಗುತ್ತಲೇ ಅಂದರು, ಆದರೆ ನನಗೆ ಕೇಳಲಾಗಲಿಲ್ಲ.

ಆಗ ಅವರೆಕಾಯಿಯ ಕಾಲ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ, ‘ಬಾರೇ, ನಮ್ಮಮ್ಮ ಹಿತುಕಿದ ಬೇಳೆ ಸಾರು ಮಾಡ್ತಾಳೆ’ ಎಂದು ನನ್ನನ್ನು ಬಸ್ತಿಹಳ್ಳಿಗೆ ಕರೆದುಕೊಂಡು ಹೋದರು. ಬಸದಿಗಳನ್ನು ದಾಟಿ ಒಂದಿಷ್ಟು ನಡೆದರೆ ಮನೆ. ತಂದೆ ತೀರಿಹೋಗಿದ್ದರು. ತಮ್ಮ, ಅವನ ಹೆಂಡತಿ ಮಕ್ಕಳ ತುಂಬು ಮನೆಯಲ್ಲಿ ಅಮ್ಮನದೇ ದರ್ಬಾರು. ಜಗಲಿಯ ಮೇಲೆ ನೆನೆಸಿದ ಅವರೆಕಾಳಿನ ಪಾತ್ರೆ ಇಟ್ಟುಕೊಂಡು ಕೂತಿದ್ದರು. ನಾವೂ ಕೂತೆವು. ಬೆರಳಲ್ಲಿ ಹಿತುಕಿದರೆ ಬೇಳೆ ಪುಳಕ್ಕನೆ ಹಾರಿ ತಟ್ಟೆಗೆ ಬೀಳುತ್ತದೆ, ಮಾತಾಡುತ್ತಾ ಮಾಡುವ ಕೆಲಸ. ಮೇಡಂ ಎಂದಿನಂತೆ ಉಪ್ಪಿಟ್ಟಿನ ಕಥೆ ತೆಗೆದರು. ಮೊಮ್ಮಕ್ಕಳು ನಕ್ಕರು. ಹಸಿರು ಸೀರೆಯ ಮಾತು ಬಂದಾಗ ನನಗೆ ಅದೇನು ಹೊಳೆಯಿತೋ, ಕೇಳಿಬಿಟ್ಟೆ:

‘ಅಮ್ಮಾ, ಅವರು ನೆಂಟರು ಅಂತ ನೀವು ಅಂದ್ಕೊಂಡಿದ್ರೆ ಮಗಳಿಗೆ ರೇಷ್ಮೆ ಸೀರೆ ಯಾಕೆ ಉಡಿಸಿದ್ರಿ?’

ಅಮ್ಮ ಹಿತುಕುವುದನ್ನು ನಿಲ್ಲಿಸಲಿಲ್ಲ.

‘ನೆಂಟ್ರು ಅಂತ ಯಾರಂದ್ಕಂಡಿದ್ರು? ಮಂಡಿಯೋರ ಮನೆಗೆ ಗಂಡಿನ ಕಡೆಯೋರು ಬತ್ತಾರೆ ಅಂತ ಬೀದಿಗೆಲ್ಲ ಗೊತ್ತಿತ್ತು. ನಮ್ಮ ಬಾಗ್ಲಲ್ಲಿ ಗಾಡಿ ನಿಲ್ಸಿ, ಮಂಡಿಯೋರ ಮನೆ ಇದೇ ಏನಮ್ಮ ಅಂದ್ರು. ನಾನು, ಬನ್ನಿ, ಕೈಕಾಲು ತೊಳ್ಕಳಿ ಅಂದೆ. ಸುಳ್ಳು ಹೇಳಿದ್ನಾ?’

ಮೇಡಂ ಕೈಯಲ್ಲಿದ್ದ ಕಾಳು ಕೈಯಲ್ಲೇ ಉಳಿಯಿತು. ‘ಅಮ್ಮಾ! ಗೊತ್ತಿದ್ದೂ ಒಳಗೆ ಕರೆದ್ಯಾ?’

‘ಇನ್ನೇನು ಮಾಡ್ಲಿ? ನಿಮ್ಮಪ್ಪ ನಿನ್ನ ಅವರಕ್ಕನ ಮಗನಿಗೆ ಕೊಡ್ತೀನಿ ಅಂತ ಕುಂತಿದ್ರು. ಒಂದು ಕಡ್ಡಿ ಎತ್ತಿ ಅತ್ಲಾಗೆ ಹಾಕ್ದೋನಲ್ಲ ಅವನು. ಆ ಸೋಮಾರಿಗಿಂತ ದಾರಿ ತಪ್ಪಿ ಬಂದೋರೇ ವಾಸಿ ಅನ್ನಿಸ್ತು.’

ಅಬ್ಬಾ! ಅಮ್ಮ ಮಾತ್ರ ಸಾರಿಗೆ ಎಷ್ಟು ಕಾಯಿ ತುರಿಯಬೇಕೆಂದು ಹೇಳುವ ಧ್ವನಿಯಲ್ಲೇ ಮುಂದುವರಿಸಿದರು. ಕೋಟು ಹಾಕಿದ ಯಜಮಾನರಿಗೆ ಕಾಫಿಯ ಹೊತ್ತಿಗೇ ಗುಟ್ಟು ತಿಳಿದಿತ್ತಂತೆ. ಮಂಡಿಯವರ ಮನೆ ಎಂದರೆ ಒಂದು ಕೊಬ್ಬರಿ ಮೂಟೆಯೂ ಇಲ್ಲವಲ್ಲ! ಮಿಕ್ಕವರು ಗಾಡಿ ಹತ್ತುವಾಗ ಅವರೊಬ್ಬರೇ ಹಿಂದೆ ಉಳಿದು ಕೊಟ್ಟಿಗೆಯ ಹತ್ತಿರ ಅಮ್ಮನಿಗೆ ಹೇಳಿದರಂತೆ: ‘ತಾಯಿ, ಇದು ಬೇರೆ ಮನೆ ಅಂತ ನಿಮಗೂ ಗೊತ್ತು, ಈಗ ನನಗೂ ಗೊತ್ತು. ಅಲ್ಲಿ ಮಾತು ಕೊಟ್ಟಾಗಿದೆ, ತಪ್ಪೋಕಾಗಲ್ಲ. ಈ ಮಗೂನ ಮನೇಲಿ ಕೂರಿಸ್ಬೇಡಿ, ಓದಿಸಿ.’

‘ನಾನು ಓದ್ಸಿ ಅಂದಿದ್ರೆ ನಿಮ್ಮಪ್ಪ ಕೇಳ್ತಿದ್ರಾ? ಕೋಟು ಹಾಕ್ಕಂಡಿರೋ ಯಜಮಾನ್ರು ಹೇಳಿದಾರೆ ಅಂದೆ. ಆದ್ರೂ ಗುರ್ ಅಂದ್ರು. ಒಲೆ ಹಚ್ಚದೆ ಕುಂತೆ. ಹೊಟ್ಟೆ ಹಸೀತಲ್ಲ, ದೊಡ್ಡ ಮನಸ್ಸು ಮಾಡಿದ್ರು’ ಎಂದರು ಅಮ್ಮ.

ಮೇಡಂ ದಡಕ್ಕನೆ ಎದ್ದರು. ಮಡಿಲಲ್ಲಿದ್ದ ಅವರೆಕಾಳು ಜಗಲಿಯ ತುಂಬ ಚೆಲ್ಲಿತು. ಕಣ್ಣಲ್ಲಿ ನೀರು ಸುರಿಯುತ್ತಿದೆ, ಬಾಯಿ ನಗುತ್ತಿದೆ. ಅಂಗಳದಲ್ಲಿ ಆಚೆಯಿಂದ ಈಚೆಗೆ ನಡೆದರು. ‘ನಾನು ಆ ಹುಡುಗನ್ನೇ ನೋಡ್ತಾ ಕೂತಿದ್ದೆನಲ್ಲೇ! ಕಥೆ ಅಡುಗೆಮನೇಲಿ ರವೆ ಹುರೀತಾ ಇತ್ತು!’

ನನಗಂತೂ ತಡೆಯಲಾಗಲಿಲ್ಲ. ಆಗಲೇ ಮೊದಲ ಸಾಲು ತಲೆಯಲ್ಲಿ ಓಡುತ್ತಿತ್ತು. ‘ಮೇಡಂ, ಇದನ್ನ ನಾನು ಬರೀತೀನಿ!’ ಎಂದೆ.

‘ಮುಟ್ಟಿದ್ರೆ ಕೈ ಮುರೀತೀನಿ!’ ಎಂದರು. ಅದುವರೆಗೂ ಒಂದು ಕಥೆಯನ್ನೂ ತಮಗೆಂದು ಇಟ್ಟುಕೊಳ್ಳದವರು! ‘ಇದು ನಂದು. ನೀನು ಸಾರು ಉಂಡು ಬಸ್ ಹತ್ತು.’ ಹಾಗೇ ಆಯಿತು. ನಾನು ಒಬ್ಬಳೇ ಅರಸೀಕೆರೆಗೆ ಬಂದೆ. ಅವರು ತಮ್ಮನ ಮಗಳ ಹತ್ತಿರ ಹಾಳೆ ಕೇಳಿ ಇಸಿದುಕೊಂಡು ಆ ಜಗಲಿಯ ಮೇಲೆಯೇ ಬರೆಯಲು ಕೂತರು. ಸೋಮವಾರ ಬಸ್ಸಿನಲ್ಲಿ ಹಾಳೆಗಳನ್ನು ನನ್ನ ಕಿವಿಯ ಹತ್ತಿರ ಹಿಡಿದು ಅವರೇ ಅಲ್ಲಾಡಿಸಿ, ‘ಗಡಗಡ ಅಂತಾ ಇದೆ, ಕೇಳು!’ ಎಂದರು. ನಾನು ಕೇಳಿಸಿತು ಎಂದೆ. ನಿಜಕ್ಕೂ ಕೇಳಿಸಿತು ಎಂದು ಈಗಲೂ ಆಣೆ ಮಾಡಿ ಹೇಳುತ್ತೇನೆ.

ಪತ್ರಿಕೆಯವರು ಒಪ್ಪಿದರು. ಅವರ ಹೆಸರು ದಪ್ಪಕ್ಷರದಲ್ಲಿ ಬಂತು. ಅರಸೀಕೆರೆ ರೈಲ್ವೆ ಸ್ಟೇಷನ್ನಿನ ಪುಸ್ತಕದಂಗಡಿಯಲ್ಲಿದ್ದ ಪ್ರತಿಗಳನ್ನೆಲ್ಲ ನಾವೇ ಕೊಂಡೆವು. ಪ್ಲಾಟ್‌ಫಾರ್ಮಿನಲ್ಲಿ ನಿಂತು, ಹೋಗುವ ಬರುವವರ ಮುಂದೆಯೇ ಅವರು ನನ್ನನ್ನು ತಬ್ಬಿಕೊಂಡು ಕುಣಿದರು. ಗಂಭೀರವಂತೆ!

ಮುಂದಿನ ಶನಿವಾರ ನನ್ನನ್ನೂ ಕರೆದುಕೊಂಡು ಬಸ್ತಿಹಳ್ಳಿಗೆ ಹೋಗಿ ಅಮ್ಮನಿಗೆ ಅದನ್ನು ಗಟ್ಟಿಯಾಗಿ ಓದಿ ಹೇಳಿದರು. ಮಗಳನ್ನು ಓದಿಸಬೇಕೆಂದು ಹಟ ಹಿಡಿದು, ದಾರಿ ತಪ್ಪಿದವರನ್ನು ಉಪಾಯದಿಂದ ಒಳಗೆ ಕರೆದ ತಾಯಿಯ ಕಥೆ. ಓದುತ್ತಾ ಓದುತ್ತಾ ಮೇಡಂ ಕಣ್ಣೊರೆಸಿಕೊಂಡರು, ನಾನೂ ಒರೆಸಿಕೊಂಡೆ. ಅಮ್ಮ ಕೊನೆಯವರೆಗೂ ಕೇಳಿ, ಎಲೆ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ತಳ್ಳಿದರು.

‘ಚೆಂದ ಬರ್ದಿದೀಯ. ಆದ್ರೆ ನಾನು ಅಷ್ಟು ದೊಡ್ಡೋಳಲ್ಲ ಕಣೇ. ನಿನ್ನ ಓದ್ಸೋಕೆ ಅಂತ ನಾನೆಲ್ಲಿ ಅವರನ್ನ ಕರೆದೆ? ಆ ಹುಡುಗ ಹೂಂ ಅಂದಿದ್ರೆ ಅವತ್ತೇ ಎಲೆ ಅಡಿಕೆ ಬದ್ಲಾಯಿಸಿ ಕೊಟ್ಟುಬಿಡ್ತಿದ್ದೆ. ಆ ಯಜಮಾನ್ರು ಓದಿಸಿ ಅಂದಾಗ, ಆಗಲ್ಲ ಅಂತ ಅರ್ಥ ಆಯ್ತು. ಒಳಗೆ ಹೋಗಿ ಬಾಣಲೆ ಉಜ್ಜಿಕಂಡು ಅತ್ತೆ.’

ಮೇಡಂ ಬಾಯಿ ತೆರೆದುಕೊಂಡು ನೋಡಿದರು. ‘ನೀನು ಅತ್ಯಾ? ಅಲ್ಲಮ್ಮ, ಇದನ್ನ ಯಾಕೆ ಮೊದಲೇ ಹೇಳಲಿಲ್ಲ?’

‘ಬಸ್ಸಲ್ಲಿ ಕಂಡೋರನ್ನೆಲ್ಲ ಕೇಳ್ತೀಯಂತೆ. ನನ್ನ ಯಾವತ್ತು ಕೇಳ್ದೆ?’ ಎಂದು ಅಮ್ಮ ಮೊಣಕಾಲಿಗೆ ಕೈ ಊರಿ ಎದ್ದು ಒಳಗೆ ಹೋದರು. ಅಚ್ಚಾದ ಕಥೆಯನ್ನು ಜಗಲಿಯ ಮೇಲೆಯೇ ಬಿಟ್ಟು, ಮೇಡಂ ಅಮ್ಮನ ಹಿಂದೆಯೇ ಅಡುಗೆಮನೆಗೆ ಓಡಿದರು.